‘ಲಾಬಾಸ್’ ಅನ್ನದ ಖಾಲ್ತಿ ಮೆಸ್ಸೌದಾ

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಂದು ಖಾಲಿ ಕುರ್ಚಿಗೆ ಸಲಾಮು ಹೊಡೆಯುತ್ತಿದ್ದೆ. ಅಕಸ್ಮಾತ್ ಕಾಲು ತಗುಲಿದರೆ ಕ್ಷಮೆಯನ್ನೂ ಕೇಳುತ್ತಿದ್ದೆ. ಆಗ ನನ್ನ ಎದೆಯ ಮೇಲೆ ತೂಗುತ್ತಿದ್ದ ಬಿಲ್ಲೆಯಲ್ಲಿ ‘ಜೀವನ ಕೋಚ್, ಮೊದಲ ವರ್ಷದ ವಿದ್ಯಾರ್ಥಿಗಳ ವಿಭಾಗ’ ಎಂದು ಬರೆದಿತ್ತು. ಫೋನಿನಲ್ಲಿ ಪಾಠ ಕೇಳಿ ಗಿಟ್ಟಿಸಿಕೊಂಡ ಸರ್ಟಿಫಿಕೇಟು ನನ್ನದು. ‘ಭಯವೆಂಬುದು ಮನಸ್ಸು ಹೆಣೆದ ಕಟ್ಟುಕತೆ’ ಅನ್ನುವುದು ಅದರ ಮೊದಲ ಪಾಠ.

ನಮ್ಮ ಕೋಣೆ ಕುಸಂತೀನಾ ಪಟ್ಟಣದ ಕಮರಿಯ ಅಂಚಿಗಿದ್ದ, ವಿಶ್ವವಿದ್ಯಾಲಯದ ಹಳೆಯ ಕಟ್ಟಡದ ಕಟ್ಟಕಡೆಯದು. ಕೆಳಗಿನ ಹೊಳೆಯಿಂದ ಏರಿ ಬರುವ ಗಾಳಿ ಕಿಟಕಿಯ ಸಂದಿಯಲ್ಲಿ ತೂರಿ, ಯಾರೋ ಹೆಸರು ಹಿಡಿದು ಕರೆದ ಹಾಗೆ ಊಳಿಡುತ್ತಿತ್ತು. ಒಂದು ಮೇಜು ನನ್ನದು, ಇನ್ನೊಂದು ನನ್ನ ಹಿರಿಯ ಸಹೋದ್ಯೋಗಿ ಮೆಸ್ಸೌದಾ ಅವರದು. ಹುಡುಗರೆಲ್ಲ ಅವರನ್ನು ಖಾಲ್ತಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಬಂದವರು ಕೂರಲು ಗೋಡೆಗೊಂದು ಬೆಂಚಿತ್ತು. ಅದಲ್ಲದೆ ಖಾಲ್ತಿಯ ಮೇಜಿನೆದುರು ಇನ್ನೊಂದು ಕುರ್ಚಿ. ಅದರಲ್ಲಿ ಅವರು ಯಾರನ್ನೂ ಕೂರಗೊಡುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಖಾಲ್ತಿ ಆ ಕುರ್ಚಿಯನ್ನು ಒರೆಸಿ, ಅದರ ಮುಂದೆ ಒಂದು ಲೋಟ ಕಾಫಿ ಇಟ್ಟು, ಕಿತ್ತಳೆ ಹೂವಿನ ನೀರು ಎರಡು ಹನಿ ಬಿಟ್ಟು, ಕೈಕಟ್ಟಿ ಕೂತುಬಿಡುತ್ತಿದ್ದರು. ಫೋನು ಹೊಡೆದುಕೊಂಡರೂ ಎತ್ತುತ್ತಿರಲಿಲ್ಲ. ಕಾಫಿ ಆರಿ ಕೆನೆಗಟ್ಟಿದ ಮೇಲೆ ಎದ್ದು, ಲೋಟ ತೊಳೆದು, ಬಾಗಿಲು ತೆರೆಯುವರು. ನಾನು ಇದಕ್ಕೆ ಇರಬಹುದಾದ ಒಂದೇ ಒಂದು ಅರ್ಥ ಕಂಡುಕೊಂಡೆ: ಕೋಣೆಯಲ್ಲಿ ಕಣ್ಣಿಗೆ ಕಾಣದ ಭೂತ, ಜಿನ್, ಇದೆ, ಮಂಗಳವಾರ ಅದರ ಕಾಫಿಯ ದಿನ.

ಅಮ್ಮನಿಗೆ ಹೇಳಿದೆ. ಅವಳು ಕಲ್ಲುಪ್ಪು, ಸಾಂಬ್ರಾಣಿ ಪೊಟ್ಟಣ ಕಟ್ಟಿಕೊಟ್ಟು, ಅದಕ್ಕೆ ಬೆನ್ನು ಹಾಕಬೇಡ, ಅದರ ಮುಂದೆ ಸಂಬಳದ ಮಾತು ಎತ್ತಬೇಡ ಎಂದು ಎಚ್ಚರಿಸಿದಳು. ಮಾರನೆಯ ದಿನ ಕುರ್ಚಿಯ ಕೆಳಗೆ ಮಂಡಿಯೂರಿ ಉಪ್ಪು ಚೆಲ್ಲುತ್ತಿದ್ದೇನೆ, ಖಾಲ್ತಿ ಒಳಗೆ ಬಂದರು.

“ಯಾರಿಗಪ್ಪಾ ಉಪ್ಪು?”

“ಇಲ್ಲಿ ಕೂರೋವರಿಗೆ, ಖಾಲ್ತಿ.”

“ಇಲ್ಲಿ ಯಾರೂ ಕೂರಲ್ಲ,” ಅಂದರು. “ಕೂರಬೇಕಾಗಿದ್ದವನು ಬರಲಿಲ್ಲ. ಜಿನ್ ಆಗಿದ್ರೆ ಒಳ್ಳೇದೇ ಆಗ್ತಿತ್ತು, ಒಂದು ದಿನವಾದ್ರೂ ಕಾಫಿ ಕುಡೀತಿತ್ತು. ಗುಡಿಸು.”

ಖಾಲ್ತಿಗೆ ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ, ಅಕ್ಕನ ಜೊತೆ ವಾಸ. ಬೇಸಿಗೆಯಲ್ಲೂ ಬೂದು ಬಣ್ಣದ ಮಳೆಕೋಟು. ಓದಿದ್ದು ಮನಶ್ಶಾಸ್ತ್ರ, ಆದರೆ ಪುಸ್ತಕದ ಮಾತು ಅವರ ಬಾಯಿಂದ ಬಂದದ್ದು ನಾನು ಕೇಳಿಲ್ಲ. ಇಡೀ ವಿಶ್ವವಿದ್ಯಾಲಯದಲ್ಲಿ ಅವರಿಗೆ ಒರಟಿ ಎಂಬ ಹೆಸರಿತ್ತು. ಕಾರಣ ಇಷ್ಟೇ. ನಮ್ಮಲ್ಲಿ ಎದುರಾದವರನ್ನು ‘ಲಾಬಾಸ್?’ ಅಂತ ಕೇಳುತ್ತೇವೆ. ಕೆಡುಕೇನೂ ಇಲ್ಲ ತಾನೇ, ಅಂತ. ಅದಕ್ಕೆ ಉತ್ತರವೂ ‘ಲಾಬಾಸ್’. ಕಾಲು ಮುರಿದುಕೊಂಡವನೂ ಲಾಬಾಸ್, ನಿನ್ನೆ ಗಂಡನನ್ನು ಮಣ್ಣು ಮಾಡಿ ಬಂದವಳೂ ಲಾಬಾಸ್, ದೇವರ ದಯೆ. ಖಾಲ್ತಿ ಮಾತ್ರ ಹಾಗನ್ನುತ್ತಿರಲಿಲ್ಲ. ಬಾಗಿಲು ಕಾಯುವವನು ಲಾಬಾಸ್ ಕೇಳಿದರೆ ನಿಂತು, “ಇಲ್ಲ, ಮಂಡಿ ನೋಯ್ತಿದೆ, ಅಕ್ಕನ ಜೊತೆ ಜಗಳ ಆಗಿದೆ,” ಎಂದು ಹೇಳಿ ಮುಂದೆ ಹೋಗುವರು. ಆ ಪಾಪದವನು ಆಮೇಲೆ ಅವರನ್ನು ಕಂಡರೆ ಶೂ ದಾರ ಕಟ್ಟಿಕೊಳ್ಳಲು ಬಗ್ಗುತ್ತಿದ್ದ.

ಹೊಸದಾಗಿ ಬಂದ ಪ್ರತಿ ಹುಡುಗನಿಗೂ ಅವರು ಮೊದಲೇ ಒಂದು ಷರತ್ತು ಹೇಳುತ್ತಿದ್ದರು. ನಾನಾಗಿ ನಿಮ್ಮ ಮನೆಗೆ ಫೋನು ಮಾಡುವುದಿಲ್ಲ. ಆದರೆ ನಿಮ್ಮಪ್ಪ ಬಂದು ನನ್ನ ಮುಖ ನೋಡಿ ಕೇಳಿದರೆ ಸುಳ್ಳು ಹೇಳುವುದಿಲ್ಲ. ಒಪ್ಪಿಗೆ ಇದ್ದರೆ ಕೂರು. ಹತ್ತರಲ್ಲಿ ಎಂಟು ಜನ ಎದ್ದು ನನ್ನ ಮೇಜಿಗೆ ಬರುತ್ತಿದ್ದರು. ನನ್ನಲ್ಲಿ ಷರತ್ತಿಲ್ಲ, ಗೋಡೆಯ ಮೇಲೆ ಸೂರ್ಯೋದಯದ ಪೋಸ್ಟರ್ ಇತ್ತು. ಕಣ್ಣು ಮುಚ್ಚಿ ನಿಮ್ಮ ಗೆಲುವನ್ನು ನೋಡಿ ಅನ್ನುತ್ತಿದ್ದೆ. ಅವರು ಮುಚ್ಚುತ್ತಿದ್ದರು. ಕೆಲವರು ನಿದ್ದೆಯೂ ಮಾಡಿದರು, ಹಾಸ್ಟೆಲಿನಲ್ಲಿ ಸಿಗದ ನಿದ್ದೆ. ಅಷ್ಟರ ಮಟ್ಟಿಗೆ ನನ್ನಿಂದ ಉಪಕಾರ ಆಗಿದೆ.

ಷರತ್ತಿನ ಹಿಂದಿನ ಕತೆಯನ್ನು ಅವರೇ ಹೇಳಿದರು, ಲೋಟ ತೊಳೆಯುತ್ತ, ನನ್ನ ಕಡೆ ತಿರುಗದೆ. ಕೆಲವು ವರ್ಷಗಳ ಹಿಂದೆ ನದೀರ್ ಅಂತ ಒಬ್ಬ ಹುಡುಗನಿದ್ದ. ಮೊದಲ ವರ್ಷದ ಪರೀಕ್ಷೆಗೆ ಕೂತೇ ಇರಲಿಲ್ಲ. ಅದು ಗೊತ್ತಿದ್ದದ್ದು ಖಾಲ್ತಿಗೆ ಮಾತ್ರ. ಒಂದು ದಿನ ಅವನ ಅಪ್ಪ ತೆಬೆಸ್ಸಾದಿಂದ ಫೋನು ಮಾಡಿ, ನಮ್ಮ ಹುಡುಗ ಲಾಬಾಸ್ ತಾನೇ ಎಂದು ಕೇಳಿದ. ಖಾಲ್ತಿಯ ಬಾಯಿಗೆ ಅಭ್ಯಾಸದ ಮಾತು ತಾನಾಗಿ ಬಂತು: ಲಾಬಾಸ್, ಹಾಜಿ, ದೇವರ ದಯೆ. ಇನ್ನೊಬ್ಬರ ಮಾನ ಮುಚ್ಚುವುದು ಪುಣ್ಯ ಅಂತ ನಾವೆಲ್ಲ ಕಲಿತೇ ಬೆಳೆದಿದ್ದೇವಲ್ಲ. ಅಪ್ಪ ಅದನ್ನು ಮಗ ಪಾಸಾದ ಅಂತ ತಿಳಿದ. ಕುರಿ ಕಡಿಸಿ ಕೇರಿಗೆಲ್ಲ ಊಟ ಹೇಳಿದ, ಮಗನನ್ನು ಕರೆದ. ಹುಡುಗ ಖಾಲ್ತಿಯ ಬಳಿ ಬಂದು, ಊಟಕ್ಕೆ ಮೊದಲು ಮನೆಯವರಿಗೆ ಹೇಗೆ ಹೇಳಲಿ ಅಂತ ಕೇಳಿದ. ಮಂಗಳವಾರ ಬೆಳಿಗ್ಗೆ ಬಾ, ಕೂತು ಯೋಚಿಸೋಣ ಎಂದರು. ಅವನು ಬರಲಿಲ್ಲ. ಹಾಸ್ಟೆಲಿನಲ್ಲಿ ಹಾಸಿಗೆ ಮಡಿಸಿಟ್ಟಿದ್ದ, ಕಂಬಳಿಯ ಮೇಲೆ ಬೀಗದ ಕೈ. ಅನ್ನಾಬಾ ಬಂದರಿನ ಕಡೆಯಿಂದ ದೋಣಿ ಹತ್ತಿ ಸಮುದ್ರ ದಾಟಿದ ಅಂತ ಕೆಲವರು. ತೂಗುಸೇತುವೆಯ ಮೇಲೆ ಕಂಡೆ ಅಂತ ಒಬ್ಬಳು ಬ್ರೆಡ್ಡು ಮಾರುವವಳು. ಕಮರಿಯಲ್ಲಿ ಹುಡುಕಿದರು, ಏನೂ ಸಿಗಲಿಲ್ಲ.

ಸತ್ತನೋ ಬದುಕಿದ್ದಾನೋ, ನಿಮಗೇನನ್ನಿಸುತ್ತೆ ಎಂದು ಕೇಳಿದೆ. ಗೊತ್ತಿಲ್ಲ ಅಂದರು. ಆ ಹೊತ್ತನ್ನು ಬೇರೆಯವರಿಗೆ ಕೊಟ್ಟರೆ, ಅವನು ಬಂದಾಗ ಎಲ್ಲಿ ಕೂರಿಸಲಿ ಅಂದರು. ಅಷ್ಟರಲ್ಲಿ ಕಿಟಕಿಯ ಸಂದಿಯಲ್ಲಿ ಗಾಳಿ ಕೂಗಿತು. ಅಲ್ಲಿಂದಾಚೆ ಮಂಗಳವಾರ ನಾನೂ ಬಾಗಿಲ ಕಡೆ ಕಿವಿಯಿಟ್ಟು ಕೂರತೊಡಗಿದೆ. ಮೊಗಸಾಲೆಯಲ್ಲಿ ಹೆಜ್ಜೆ ಸಪ್ಪಳವಾಗಿ, ನಮ್ಮ ಬಾಗಿಲ ತನಕ ಬಂದು ನಿಂತ ಹಾಗೆ ಅನ್ನಿಸುವುದು. ತೆರೆದರೆ ಯಾರೂ ಇರುತ್ತಿರಲಿಲ್ಲ. ಜಿನ್ ಆಗಿದ್ದರೆ ಒಳ್ಳೆಯದಿತ್ತು ಅನ್ನುವ ಮಾತು ಆಗ ಅರ್ಥವಾಯಿತು.

ಆ ಚಳಿಗಾಲ ಶುಐಬ್ ಬಂದ. ಬಿಸ್ಕ್ರಾ ಕಡೆಯ ಹುಡುಗ, ಖರ್ಜೂರದ ತೋಟದವರ ಮಗ. ಶಾಲೆ ಮುಗಿಸುವ ಬಾಕ್ ಪರೀಕ್ಷೆಯಲ್ಲಿ ಹತ್ತೂರಿಗೆ ಮೊದಲಿಗನಾಗಿ ವೈದ್ಯಕೀಯಕ್ಕೆ ಸೇರಿದವನು. ಮೊದಲು ನನ್ನ ಹತ್ತಿರವೇ ಬಂದ. ಓದು, ಮನೆ, ಗೆಳೆತನ ಅಂತ ಭಾಗ ಮಾಡಿದ ಬದುಕಿನ ಚಕ್ರ ಬರೆ ಅಂದೆ. ಬಣ್ಣ ತುಂಬಿ ಬರೆದುಕೊಟ್ಟ. ಎಲ್ಲ ಲಾಬಾಸ್ ಅಂದ. ಇಂಥ ಸಮತೂಕದ ಹುಡುಗನನ್ನು ನಾನು ನೋಡೇ ಇಲ್ಲ ಎಂದು ಖಾಲ್ತಿಯ ಮುಂದೆ ಕೊಚ್ಚಿಕೊಂಡೆ.

ಆ ವಾರವೇ ಖಾಲ್ತಿ ಅವನನ್ನು ಕಮರಿ ದಾಟಿಸುವ ತಂತಿತೊಟ್ಟಿಲಿನಲ್ಲಿ ಕಂಡರು. ಅಂಗರಚನೆಯ ಪಾಠದ ಹೊತ್ತು. ಆಚೆ ದಡಕ್ಕೆ ಹೋಗಿ, ಇಳಿಯದೆ, ಅದರಲ್ಲೇ ವಾಪಸು ಬರುತ್ತಿದ್ದ. ಲಾಬಾಸ್? ಎಂದು ಕೇಳಿದರಂತೆ. ಲಾಬಾಸ್ ಅಂದ. “ನಾನು ನಿಜವಾಗಿ ಕೇಳಿದ್ದು,” ಅಂದರಂತೆ. ತೊಟ್ಟಿಲು ಮೂರು ಸಲ ದಾಟುವ ತನಕ ಅವನು ಬಾಯಿ ಬಿಡಲಿಲ್ಲ, ಅವರೂ ಇಳಿಯಲಿಲ್ಲ.

ಕೊನೆಗೆ ಅವನು ಹೇಳಿದ್ದು ಇದು: ಶಾಲೆಯಲ್ಲಿ ಎಲ್ಲವನ್ನೂ ಅರಬ್ಬಿಯಲ್ಲಿ ಕಲಿತವನಿಗೆ ಇಲ್ಲಿ ಎಲ್ಲ ಫ್ರೆಂಚಿನಲ್ಲಿ. ಮೊದಲ ವಾರ ಒಂದು ಮಾತೂ ತಲೆಗೆ ಹತ್ತಲಿಲ್ಲ. ಪಕ್ಕದವನನ್ನು ಕೇಳಿದರೆ ನಕ್ಕಾನು ಅಂತ ಕೇಳಲಿಲ್ಲ. ಆಮೇಲೆ ಪಾಠಕ್ಕೆ ಹೋಗುವುದನ್ನೇ ಬಿಟ್ಟ. ಅತ್ತ ಊರಿನಲ್ಲಿ ಅಪ್ಪ ಬೀದಿಗಿದ್ದ ಕೋಣೆಯನ್ನು ಖಾಲಿ ಮಾಡಿ, ಸುಣ್ಣ ಬಳಿಸಿ, ರೋಗಿಗಳಿಗೆಂದು ಬೆಂಚು ಹಾಕಿಸಿದ್ದ. ನೆರೆಮನೆಯ ಮುದುಕಿಯೊಬ್ಬಳು ಈಗಾಗಲೇ ದಿನಾ ಬಂದು ಅದರ ಮೇಲೆ ಕೂರುತ್ತಿದ್ದಳಂತೆ, ಮೊದಲ ಪಾಳಿ ತನ್ನದಾಗಲಿ ಎಂದು. ರಜೆಯಲ್ಲಿ ಹೇಳಿಬಿಡುತ್ತೇನೆ ಅಂತ ಹೋದವನು ಆ ಮುದುಕಿಯ ನಾಡಿ ಹಿಡಿದು ನೋಡಿ ವಾಪಸು ಬಂದ.

ಖಾಲ್ತಿಯ ಷರತ್ತನ್ನು ಒಪ್ಪಿಕೊಂಡಿದ್ದ. ಅಪ್ಪ ಬಿಸ್ಕ್ರಾ ಬಿಟ್ಟು ಎಲ್ಲಿಗೂ ಬರುವವನಲ್ಲ ಎಂಬ ಧೈರ್ಯ.

ಬಂದ. ಅಪ್ಪ ಕುಸಂತೀನಾಕ್ಕೆ ಬಂದಿಳಿದದ್ದೂ ಮಂಗಳವಾರವೇ, ಕಾಫಿ ಆರುತ್ತಿದ್ದ ಹೊತ್ತು. ಬಾಗಿಲು ದಡಾರನೆ ತೆರೆದಾಗ ಖಾಲ್ತಿಯ ಕೈ ಲೋಟಕ್ಕೆ ತಗುಲಿ ಕಾಫಿ ಚೆಲ್ಲಿತು. ನಿಂತಿದ್ದವನು ಶುಐಬ್. ಅಪ್ಪ ಬಸ್ ನಿಲ್ದಾಣದಿಂದ ಫೋನು ಮಾಡಿದ್ದಾನೆ, ಯಾರೋ ಈ ಕೋಣೆಯ ಹೆಸರು ಹೇಳಿದ್ದಾರೆ, ಟ್ಯಾಕ್ಸಿಯಲ್ಲಿ ಬರುತ್ತಿದ್ದಾನೆ.

“ಒಂದೇ ಒಂದ್ಸಲ ಲಾಬಾಸ್ ಅನ್ನಿ ಖಾಲ್ತಿ. ಬೇಸಿಗೇಲಿ ನಾನೇ ಹೇಳ್ತೀನಿ.”

ನಾನೂ ಅವನ ಪರ ವಾದಿಸಿದೆ. ಒಂದು ಮಾತು ತಾನೇ, ಇಡೀ ದೇಶ ಹೇಳುವ ಮಾತು, ನೀವು ಹೇಳಿದರೆ ನಾಲಿಗೆ ಸವೆಯುತ್ತದೆಯೇ ಎಂದೆ. ಖಾಲ್ತಿ ಚೆಲ್ಲಿದ ಕಾಫಿ ಒರೆಸುತ್ತಿದ್ದರು.

“ನದೀರನ ಅಪ್ಪಂಗೂ ಒಂದೇ ಒಂದ್ಸಲ ಅಂದಿದ್ದೆ,” ಅಂದರು.

“ಹೇಳಿದ್ರೆ ನಾನು ಅಪ್ಪಂಗೆ ಮುಖ ತೋರಿಸೋಕಾಗಲ್ಲ,” ಅಂದ ಹುಡುಗ. ಅವನ ಕಣ್ಣು ಬಾಗಿಲ ಮೇಲಿತ್ತು.

“ಮುಖ ತೋರಿಸ್ಬೇಡ. ಕಿಟಕಿ ಕಡೆ ತಿರುಗಿ ಬೆನ್ನು ತೋರಿಸು. ಈ ಕೋಣೆ ಬಿಟ್ಟು ಮಾತ್ರ ಹೋಗ್ಬೇಡ ಮಗಾ. ಇಷ್ಟೇ ನಾನು ಕೇಳೋದು.” ಆಮೇಲೆ ನನ್ನತ್ತ ತಿರುಗಿದರು. “ನೀನು ಬಾಗಿಲಿಗೆ ನಿಂತ್ಕೋ. ಅವರಪ್ಪ ಒಳಗೆ ಬರ್ಲಿ. ಇವನು ಹೊರಗೆ ಹೋಗೋದು ಬೇಡ.”

ನನ್ನ ಉದ್ಯೋಗದಲ್ಲಿ ನಾನು ಮಾಡಿದ ಮೊದಲ ಉಪಯುಕ್ತ ಕೆಲಸ ಅದು. ಬಾಗಿಲಿಗೆ ಅಡ್ಡ ನಿಂತೆ.

ಅಪ್ಪ ಬಂದ. ಬಿಸಿಲಿಗೆ ಸುಟ್ಟ ಮುಖ, ಇಸ್ತ್ರಿಯ ಗೆರೆ ಮುರಿಯದ ಹೊಸ ಕೋಟು, ಕೈಯಲ್ಲಿ ಗೊಂಚಲು ಸಮೇತ ಖರ್ಜೂರದ ಪೆಟ್ಟಿಗೆ. ಕಿಟಕಿಯ ಹತ್ತಿರ ಮಗನ ಬೆನ್ನು ಕಂಡು ನಕ್ಕ, ಅವನು ತಿರುಗದಿದ್ದಾಗ ನನ್ನ ಕಡೆ ನೋಡಿದ. ನನ್ನನ್ನು ಕೇಳಿದ: ಲಾಬಾಸ್? ಮನೆಯವರೆಲ್ಲ ಲಾಬಾಸ್? ಕೆಲಸ ಲಾಬಾಸ್? ನಾನು ಎಲ್ಲದಕ್ಕೂ ಲಾಬಾಸ್, ಲಾಬಾಸ್ ಅನ್ನುತ್ತಲೇ ಹೋದೆ. ಬಾಯಿ ನಿಲ್ಲಿಸಲು ಆಗಲಿಲ್ಲ. ನದೀರನ ಅಪ್ಪ ಫೋನಿನಲ್ಲಿ ಕೇಳಿದಾಗ ಖಾಲ್ತಿಯ ಬಾಯಿಂದ ಅದು ಹೇಗೆ ಬಂದಿರಬೇಕು ಅಂತ ಆಗ ಗೊತ್ತಾಯಿತು.

ಅವನು ಕೂರಲು ಜಾಗ ಹುಡುಕಿದ. ಬೆಂಚಿನ ಕಡೆ ಕೈ ತೋರಿಸಲು ಹೊರಟಿದ್ದೆ. ಅಷ್ಟರಲ್ಲಿ ಖಾಲ್ತಿ ಎದ್ದು ಆ ಕುರ್ಚಿಯನ್ನು ಹಿಂದಕ್ಕೆ ಎಳೆದರು. ಅಷ್ಟು ದಿನ ಯಾರೂ ಕೂರದ ಕುರ್ಚಿ ಅವನ ಭಾರಕ್ಕೆ ಕಿರುಗುಟ್ಟಿತು. ಖಾಲ್ತಿ ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ ಹೊಸ ಕಾಫಿ ಬಗ್ಗಿಸಿ, ಕಿತ್ತಳೆ ಹೂವಿನ ನೀರು ಎರಡು ಹನಿ ಬಿಟ್ಟು ಮುಂದಿಟ್ಟರು. ಅವನು ಒಂದು ಗುಟುಕು ಕುಡಿದ. ಕಿಟಕಿಯ ಹತ್ತಿರದ ಬೆನ್ನು ಅಲುಗಲಿಲ್ಲ. ಗಾಳಿ ಕೂಗುತ್ತಲೇ ಇತ್ತು.

“ತಂಗೀ,” ಅಂದ ಅವನು, ಪೆಟ್ಟಿಗೆಯನ್ನು ಮೇಜಿನ ಮೇಲೆ ಮೆಲ್ಲಗೆ ಮುಂದಕ್ಕೆ ತಳ್ಳುತ್ತ. “ಹುಡುಗ ಫೋನಲ್ಲಿ ಸರಿಯಾಗಿ ಮಾತಾಡ್ತಿಲ್ಲ. ಓದಿನ ಭಾರ ಅಂದ್ಕೊಂಡೆ. ಅವರಮ್ಮ ಮಾತ್ರ, ಹೋಗಿ ಕಣ್ಣಾರೆ ನೋಡ್ಕೊಂಡು ಬನ್ನಿ ಅಂತ ಹಟ ಹಿಡಿದ್ಲು. ನೀವು ಹೇಳಿಬಿಡಿ. ನಮ್ಮ ಡಾಕ್ಟರು ಲಾಬಾಸ್ ತಾನೇ?”

“ಇಲ್ಲ, ಹಾಜಿ,” ಅಂದರು ಖಾಲ್ತಿ ಮೆಸ್ಸೌದಾ. “ಚೆನ್ನಾಗಿಲ್ಲ. ಆದ್ರೆ ಇಲ್ಲೇ ಇದಾನೆ.”