ಜೋಲು ಟೊಂಗೆಯ ಗಿಡ ತಂದ ಮಾಲಿ ಕಾಕಾ

ಮಾಲಿ ಕಾಕಾನ ಹಿಮ್ಮಡಿಯ ಬಿರುಕುಗಳಲ್ಲಿ ಎರೆಮಣ್ಣು ಎಷ್ಟು ತೊಳೆದರೂ ಹೋಗದಂತೆ ಕೂತಿತ್ತು. ಗಿಡ ನೆಡುವ ಮೊದಲು ಆ ಹಿಮ್ಮಡಿಯನ್ನು ನೆಲಕ್ಕೆ ಊರಿ ತೆಗೆದು, ಕುಳಿಯಲ್ಲಿ ನೀರು ಎಷ್ಟು ಹೊತ್ತಿಗೆ ಒಸರುತ್ತದೆಂದು ನೋಡುತ್ತಿದ್ದರು. ಬಾಯಲ್ಲಿನ ಎಲೆ ಅಡಿಕೆ ಅಗಿಯುವುದೂ ಆಗ ನಿಲ್ಲುತ್ತಿತ್ತು.

ಧಾರವಾಡದ ಬಂಗಲೆಯೊಂದರಲ್ಲಿ ಅವರು ಮಾಲಿ. ಸಾಹೇಬರು ಊರು ಬಿಡುವಾಗ ಒಂದು ಕುಂಡ ಕೊಟ್ಟು ಹೋದರು. ಸೂಜಿಯಂಥ ಎಲೆ, ಕೆಳಗೆ ಜೋತುಬಿದ್ದ ಟೊಂಗೆ. ಹೆಸರು ನನಗೆ ಬಾರದು. ಕಾಕಾಗೆ ಅದರ ಮೇಲೆ ಜೀವ. ಹಿತ್ತಿಲಿಲ್ಲದ ಅವರು ನನ್ನ ಗಂಡನ ಮನೆಯಲ್ಲಿ ಜಾಗ ಕೇಳಿದರು. ಖಾಲಿ ಇದ್ದದ್ದು ಬಾವಿಯ ಪಕ್ಕದ, ಸದಾ ನೀರು ಜಿನುಗುವ ಜವುಳು ಮೂಲೆ.

ಅತ್ತೆಗೆ ಅದು ಅಳುಮುಖದ ಗಿಡ; ಮೂಗು ಮುರಿದರು. "ಮಾರಿ ಇಳಿಬಿಟ್ಟ ಗಿಡ ಮನ್ಯಾಗ ಯಾಕ್ರಿ? ಇರ್ಲಿ, ಹಚ್ರಿ. ಒಣಗಿತಂದ್ರ ಕಿತ್ಕೊಂಡು ಹೋಗಬೇಕ ಮತ್ತ."

ಒಡೆದ ಹಂಚು, ಗರಸುಕಲ್ಲು, ಕೆಮ್ಮಣ್ಣು ಹಾಕಿ ಮೊಣಕಾಲೆತ್ತರದ ದಿಬ್ಬ ಮಾಡಿ ಕಾಕಾ ಅದರ ನೆತ್ತಿಯಲ್ಲಿ ಗಿಡ ನೆಟ್ಟರು. "ನೀರು ಹಾಕಬ್ಯಾಡ್ರಿ, ಮಳಿ ಸಾಕು" ಎಂದು ಹೇಳಿ ಮಗಳ ಬಾಣಂತನಕ್ಕೆ ಉಪ್ಪಿನಬೆಟಗೇರಿಗೆ ಹೋದರು.

ನಾನು ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳು, ಹೊಸ ಸೊಸೆ. ತಲೆ ತಗ್ಗಿಸಿ ನಿಂತ ಗಿಡ ಕಂಡರೆ ಬಾಯಾರಿದೆ ಎಂದೇ ತಿಳಿದೆ. ಮನಸ್ಸು ತಡೆಯದೆ ದಿನಾ ಒಂದು ಕೊಡ ಸುರಿದೆ. ಹಳದಿಯಾಯಿತು. ಗಾಬರಿಯಾಗಿ ಎರಡು ಕೊಡ ಸುರಿದೆ.

ಕಾಕಾ ಬಂದು ದಿಬ್ಬದ ಬುಡದಲ್ಲಿ ಹಿಮ್ಮಡಿ ಊರಿದರು. ಕುಳಿ ಆಗಿಂದಾಗಲೇ ತುಂಬಿತು. ನನ್ನ ಮುಖ ನೋಡಿದರು. ಅಷ್ಟರಲ್ಲಿ ಅತ್ತೆ ಬಂದು ನಿಂತರು.

"ನನ್ನ ತಪ್ಪರಿ ಅವ್ವಾರ. ದಿಬ್ಬ ಗಿಡ್ಡ ಆತು. ಹದಿನೈದು ದಿನ ಕೊಡ್ರಿ" ಎಂದರು ಕಾಕಾ.

ಕೊಳೆತ ಬೇರು ಕತ್ತರಿಸಿ, ದಿಬ್ಬ ಎತ್ತರಿಸಿ, ನೀರು ಹರಿದುಹೋಗಲು ಕಾಲುವೆ ತೆಗೆದರು. ಅತ್ತೆ ಒಳಗೆ ಹೋದ ಮೇಲೆ ನನಗೆ ಮೆಲ್ಲಗೆ ಹೇಳಿದರು: "ತಂಗೆವ್ವಾ, ಅದು ಅಳಾಕತ್ತಿಲ್ಲ. ಅದರ ಮಾರೀನ ಹಂಗ. ನಿಮ್ಮ ಅತ್ತಿನೂ ನಗೂದು ಕಮ್ಮಿ, ಅವರ ತಲಿ ಮ್ಯಾಲೂ ಕೊಡ ಸುರೀತಿಯೇನು?"

ಆ ದಿನಗಳಲ್ಲಿ ಎದ್ದ ಕೂಡಲೇ ಟೊಂಗೆಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಗಡುವಿಗೆ ಒಂದೇ ದಿನ ಉಳಿದಾಗ, ಒಂದು ಟೊಂಗೆಯ ತುದಿಯಲ್ಲಿ ಅಕ್ಕಿಕಾಳಿನಷ್ಟು ತಿಳಿಹಸಿರು ಕಂಡಿತು. ಬಾವಿಕಟ್ಟೆಯ ಮೇಲೆ ಕೂತು ಅದನ್ನೇ ನೋಡಿದೆ.

ಗಿಡ ಸೂರು ಮುಟ್ಟಿದ ವರ್ಷ ಕಾಕಾ ತೀರಿಕೊಂಡರು. ಆಗ ಅತ್ತೆಗೆ ನಿಜ ಹೇಳಿದೆ.

"ನೀ ಕೊಡ ಹೊತ್ತು ಹೋಗೂದು ದಿನಾ ನೋಡೀನಿ" ಎಂದರು. "ಆ ಮನಿಶ್ಯಾ ತನ್ನ ಮ್ಯಾಲ ಹಾಕ್ಕೊಂಡ. ಮತ್ತ ನಾ ಏನ ಅನ್ನಲಿ?"

ಇಂದು ಬೆಳಿಗ್ಗೆ ನನ್ನ ಮೊಮ್ಮಗಳು ಅದರ ಜೋಲು ಟೊಂಗೆ ಹಿಡಿದು ಮೊದಲ ಸಲ ಎದ್ದು ನಿಂತಳು. ಈ ಹಿಗ್ಗು ನನ್ನ ಸೆರಗಿನಲ್ಲಿ ಹಿಡಿಸುತ್ತಿಲ್ಲ. ಎಂಥ ಗಿಡ ಬೆಳೆಸಿದಿರಿ ಎಂದು ಬೀಗರು ನನ್ನನ್ನು ಹೊಗಳಿದರು. ಬೆಳೆಸಿದವರು ಬೇರೆ, ನಾನು ಕೊಲ್ಲಹೊರಟವಳು ಎಂದು ಎಲ್ಲರೆದುರು ಹೇಳಿಬಿಟ್ಟೆ.