ಟೈಪಿನ ಸಾಬರು ತಿದ್ದಿದ ಒಂದು ಮಾತು

ಟೈಪಿನ ಸಾಬರ ಎರಡೂ ತೋರುಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿ, ಗೆರೆಗಳೆಲ್ಲ ಅಳಿಸಿಹೋಗಿದ್ದವು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕುದಿಯುವ ನೀರಿಗೆ ಕೈಹಾಕಿ ರೇಷ್ಮೆಗೂಡಿನ ಎಳೆ ತೆಗೆದ ಗುರುತು ಅದು. ಆಧಾರ್ ಮಿಷನ್ನು ಆ ಬೆರಳನ್ನು ಹಿಡಿಯುತ್ತಲೇ ಇರಲಿಲ್ಲ. "ಸರ್ಕಾರದ ಪ್ರಕಾರ ನಾನಿನ್ನೂ ಹುಟ್ಟೇ ಇಲ್ಲ ಕಣಮ್ಮ" ಅನ್ನುತ್ತಿದ್ದರು. ರಾಮನಗರದ ಕೋರ್ಟಿನ ಮುಂದೆ, ಹೊಂಗೆಮರದ ಕೆಳಗೆ ಕೂತು, ಆ ಎರಡೇ ಬೆರಳಲ್ಲಿ ಟೈಪ್ ಮಿಷನ್ನಿನ ಮೇಲೆ ಊರವರ ಜಗಳವನ್ನೆಲ್ಲ ಇಂಗ್ಲಿಷಿಗೆ ಕುಟ್ಟುತ್ತಿದ್ದರು.

ನನ್ನ ಜಗಳ ಇಷ್ಟು. ಮಗಳು ಸತ್ತಳು. ಅವಳ ಕೂಸು ನಾಲ್ಕು ವರ್ಷ ನನ್ನ ಹತ್ತಿರ ದೊಡ್ಡಆಲಹಳ್ಳಿಯಲ್ಲಿ ಬೆಳೆಯಿತು. ಬಟ್ಟೆ ಕೊಡಿಸುತ್ತೇನೆಂದು ಕರೆದುಕೊಂಡು ಹೋದ ಅಳಿಯ, ಅದನ್ನು ಹೊಸೂರಿನಲ್ಲಿ ತನ್ನ ಅಕ್ಕನ ಮನೆಯಲ್ಲಿ ಕೂರಿಸಿಬಿಟ್ಟ. ಗಡಿಯಾಚೆ ತಮಿಳುನಾಡು. ಮಗು ಎಲ್ಲಿ ನೆಲೆಯಾಗಿತ್ತೋ ಅಲ್ಲಿನ ಕೋರ್ಟೇ ಕೇಸು ಕೇಳುತ್ತದೆ ಎಂದರು ವಕೀಲರು. ಜೂನಿನಲ್ಲಿ ಅಲ್ಲಿ ಒಂದನೇ ಕ್ಲಾಸಿಗೆ ಸೇರಿಸಿದರೆ, ಅದೇ ನೆಲೆ ಎಂದು ಅಳಿಯ ವಾದಿಸುತ್ತಾನೆ ಎಂದೂ ಹೇಳಿದರು. ಅವತ್ತಿನಿಂದ ದಿನ ಬಿಟ್ಟು ದಿನ ಕನಕಪುರದಲ್ಲಿ ಬಸ್ಸು ಹತ್ತಿ ಬಂದು ಸಾಬರ ತಲೆ ತಿನ್ನುತ್ತಿದ್ದೆ.

"ಏನ್ ಸಾಬ್ರೇ, ಹೊಸೂರಿಂದ ಕಾಗ್ದ ಬಂತಾ?"

"ಕಾಗದಕ್ಕೆ ಕಾಲಿಲ್ಲಮ್ಮ. ಕೂತ್ಕೊ, ಒಸಿ ಟೀ ಕುಡಿ."

"ನಿಮ್ ಟೀ ಸುಟ್ಟೋಗ. ನನ್ ಮಗ ಅಲ್ಲೈತೆ."

ನಮ್ಮ ಕೋರ್ಟು ಹೊಸೂರಿನ ಕೋರ್ಟಿಗೆ ಬರೆದಿತ್ತು: ಆ ಮನೆಗೆ ನಿಮ್ಮ ಅಮೀನರನ್ನು ಕಳಿಸಿ, ಮಗುವನ್ನು ನೋಡಿ, ವರದಿ ಕೊಡಿ. ಜೊತೆಗೆ ನನ್ನ ಹೇಳಿಕೆಯೂ ಹೋಗಿತ್ತು. ಉತ್ತರ ಬಂತು: ಆ ಮನೆಯಲ್ಲಿ ಗಂಡುಮಗು ಇಲ್ಲ.

"ಏನಮ್ಮ ಬರೆಸಿದ್ದೆ ನೀನು?" ಎಂದು ವಕೀಲರು ರೇಗಿದರು.

ನಮ್ಮ ಕಡೆ ಹೆಣ್ಣಾಗಲಿ ಗಂಡಾಗಲಿ, ಕೂಸನ್ನು 'ಮಗ' ಅಂತಲೇ ಅನ್ನುವುದು. 'ನನ್ ಮಗ ಕೊಡ್ಸಿ' ಅಂದಿದ್ದೆ. ಸಾಬರು 'ಸನ್' ಎಂದು ಕುಟ್ಟಿದ್ದರು. ಕೂಸು ಹೆಣ್ಣು, ಹೆಸರು ಬೇರೆ ಗಂಡಿಗೂ ಇಡುವಂಥ ಕಿರಣ. ಅಳಿಯನ ಅಕ್ಕ ಇದ್ದದ್ದನ್ನೇ ಹೇಳಿ ಬಾಗಿಲು ಹಾಕಿಕೊಂಡಿದ್ದಳು. ಎರಡನೇ ಕ್ಲಾಸು ಓದಿದ ಮುದುಕಿ ನಾನು, ಓದಲಾಗದ ಕಾಗದಕ್ಕೆ ಸಹಿ ಹಾಕಿದ್ದೆ. ತಪ್ಪನ್ನು ನನ್ನ ತಲೆಗೆ ಕಟ್ಟುವುದು ಸುಲಭವಿತ್ತು. ಸಾಬರು ಎದ್ದು ನಿಂತರು.

"ಬೈಯೋದಾದ್ರೆ ನನ್ನ ಬೈಯಿರಿ ಸಾರ್. ನನ್ ಮೊಮ್ಮಗಳ್ನೂ ನಾನು ಮಗ ಅಂತಲೇ ಕರಿಯೋದು. ಇಂಗ್ಲಿಷ್ ಮುಂದೆ ಕೂತ್ರೆ ಕಿವಿ ಕೆಟ್ಟೋಯ್ತದೆ."

ತಿದ್ದಿದ ಕಾಗದವನ್ನು ಕೈಯಲ್ಲೇ ಒಯ್ಯಲು ಜಡ್ಜು ಅಪ್ಪಣೆ ಕೊಟ್ಟರು. ಸಾಬರು ಮಿಷನ್ನಿಗೆ ಬಟ್ಟೆ ಮುಚ್ಚಿ ನನ್ನ ಜೊತೆ ಬಸ್ಸು ಹತ್ತಿದರು. ಅವರಿಗೆ ತಮಿಳು ಬರುತ್ತಿತ್ತು. ಹೊಸೂರಿನ ಗುಮಾಸ್ತರು ಕಾಗದ ನೋಡಿ, ಮೊನ್ನೆ ಮಗ, ಇವತ್ತು ಮಗಳೇ ಎಂದು ನಕ್ಕರು. ಸಾಬರು ತಮಿಳಿನಲ್ಲೇ ಏನೋ ತಿರುಗಿಸಿ ಕೊಟ್ಟರು. ಆಮೇಲೆ ನನಗೆ ಹೇಳಿದರು: "ನಿಮ್ಮನೆ ಹೆಣ್ಮಗೂನ ಮುದ್ದಿಗೆ 'ವಾಡಾ ಕಣ್ಣಾ', ಬಾರೋ ಚಿನ್ನ ಅನ್ನಲ್ವಾ, ಆಗ ಅದು ಗಂಡಾಗೋಯ್ತದಾ ಅಂದೆ ಕಣಮ್ಮ." ಗುಮಾಸ್ತರು ಸೀಲು ಒತ್ತಿದರು. ಅಮೀನರು ಮತ್ತೆ ಆ ಮನೆಗೆ ಹೋಗಿ ಮಗುವನ್ನು ಕಂಡು ವರದಿ ಕೊಟ್ಟರು.

ಮರುವಾರ ಹೊಸೂರಿನ ಕೋರ್ಟಿನಲ್ಲಿ ಕೂತಿದ್ದ ಮಗುವನ್ನು ರಾಮನಗರದ ಜಡ್ಜು ಟಿವಿಯಲ್ಲಿ ಮಾತಾಡಿಸಿದರು. ನಮ್ಮೂರ ಅಂಗನವಾಡಿ ಪುಸ್ತಕ, ಚುಚ್ಚುಮದ್ದಿನ ಕಾರ್ಡು ನೋಡಿದರು. ಕೇಸು ಮುಗಿಯುವ ತನಕ ಅಜ್ಜಿಯ ಹತ್ತಿರ ಇರಲಿ, ಅಪ್ಪ ಭಾನುವಾರ ಬಂದು ನೋಡಲಿ ಎಂದರು. ಶಾಲೆ ತೆರೆಯಲು ನಾಲ್ಕು ದಿನವಿತ್ತು.

ಸಾಬರು ಹೋದ ವರ್ಷ ತೀರಿಕೊಂಡರು. ಕೇಸು ಇನ್ನೂ ನಡೆಯುತ್ತಲೇ ಇದೆ. ಅವರ ಸಾವಿನ ಸುದ್ದಿ ತಿಳಿದು ಕಿರಣಳನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಹೆಂಗಸರ ನಡುವೆ ಕೂತೆ. ಅಳು ಬರಲಿಲ್ಲ, ನನಗೆ ಸುಲಭಕ್ಕೆ ಬರುವುದೂ ಇಲ್ಲ. ಸೆರಗು ಹಿಂಡುತ್ತಿದ್ದೆ. ಮಗು ನನ್ನ ಕೈ ಎಳೆಯಿತು.

"ಅಜ್ಜಿ, ನಡಿ, ನಮ್ಮೂರ್ಗೋಗಾನ."

ಸಾಬರ ಹೆಂಡತಿ ತಲೆಯೆತ್ತಿ ಕೇಳಿದರು: "ಯಾವೂರು ಪುಟ್ಟಿ ನಿಂದು?"

"ಆಲಹಳ್ಳಿ" ಅಂದಿತು.

"ಮಗೀಗೆ ಆ ಊರು ಉಳಿಸ್ಕೊಟ್ಟಿದ್ದು ನಿಮ್ಮ ಯಜಮಾನ್ರು ಕಣವ್ವ" ಎಂದು ಹೇಳಿ ಎದ್ದೆ.