ಬಿಳಿ ಅಂಗಿಗೆ ಅಳೆದ ಬೆಳಕು

ನಾನು ತೆಲಂಗಾಣದ ಮಕ್ತಲಿನಲ್ಲಿದ್ದು ತೆಲುಗು ಪತ್ರಿಕೆಯೊಂದರ ಜಿಲ್ಲಾ ಪುಟಕ್ಕೆ ಸುದ್ದಿ, ಫೋಟೋ ಎರಡನ್ನೂ ಕಳಿಸುತ್ತೇನೆ. ಕತ್ತಲೆಯಲ್ಲಿ ಹಾಡುವವರ ಫೋಟೋ ತೆಗೆಯುವುದು ಈ ಕೆಲಸದ ಜೊತೆಗೇ ಬಂದದ್ದು. ನಾರಾಯಣಪೇಟೆಯಲ್ಲಿ ಸೀರೆ ಅಂಗಡಿಯೊಂದರ ಮಾಳಿಗೆಯ ಮೇಲೆ ಭಜನೆ ನಡೆಯುತ್ತದೆ. ಅಲ್ಲಿರುವುದು ಒಂದೇ ಬಲ್ಬು, ಅದೂ ಹಾರ್ಮೋನಿಯಂನವನ ಬೆನ್ನ ಹಿಂದೆ. ನಮ್ಮೂರ ಬೀರಪ್ಪನ ಗುಡಿಯಲ್ಲಿ ದೀಪದ ಮಸಿ ಲೆನ್ಸಿಗೂ ಹತ್ತುತ್ತದೆ. ಇಂಥ ಕತ್ತಲೆಯ ಮೇಲೆ ನನಗೆ ತಕರಾರಿಲ್ಲ. ಗದ್ವಾಲದ ಸಭಾಂಗಣದ ಕತ್ತಲೆಯನ್ನು ನೆನೆದರೆ ಮಾತ್ರ ಇವತ್ತಿಗೂ ಹೇಸಿಗೆಯಾಗುತ್ತದೆ.

ಅಲ್ಲಿಗೆ ನಾನು ಹೋದದ್ದು ಒಬ್ಬ ಅಜ್ಜನಿಗಾಗಿ. ಬೀರಪ್ಪನ ಗುಡಿಯಲ್ಲಿ ಡೊಳ್ಳಿನ ಪದ ಹಾಡುವವರಲ್ಲಿ ಆತನೇ ಹಿರಿಯ. ಕಲಾವಿದರ ಗುರುತಿನ ಚೀಟಿಗೆ ಅರ್ಜಿ ಹಾಕಬೇಕಿತ್ತು. ಚೀಟಿ ಇದ್ದರೆ ಪಿಂಚಣಿಯ ಪಟ್ಟಿಗೆ ಹೆಸರು ಹತ್ತುತ್ತದೆ. ಅರ್ಜಿಯ ಜೊತೆ, ಹಾಡುತ್ತಿರುವಾಗ ಮುಖ ಸ್ಪಷ್ಟವಾಗಿ ಕಾಣುವ ಫೋಟೋ ಬೇಕು, ಅದು ಪತ್ರಿಕೆಯಲ್ಲಿ ಬಂದಿರಬೇಕು ಎಂದು ಚೀಟಿ ಕೊಡುವ ಕಚೇರಿಯವರು ಹೇಳಿದ್ದರಂತೆ. ಗುಡಿಯ ವಾರದ ಸೇವೆಯನ್ನು ನಮ್ಮ ಪತ್ರಿಕೆಯ ಡೆಸ್ಕಿನವರು ಹಾಕುವುದಿಲ್ಲ. ಗದ್ವಾಲದಲ್ಲಿ ಜಾನಪದ ಸಂಜೆ ಇದೆ, ಅಲ್ಲಿ ತೆಗೆದರೆ ಪತ್ರಿಕೆಯಲ್ಲಿ ಬಂದೇ ಬರುತ್ತದೆ ಎಂದು ನಾನೇ ಮಾತು ಕೊಟ್ಟೆ.

ಆ ಸಭಾಂಗಣ ಒಂದು ಲಾಡ್ಜಿನ ಮೇಲಿತ್ತು. ಮೆಟ್ಟಿಲ ಮೂಲೆಗಳಲ್ಲಿ ಗುಟ್ಕಾ ಉಗುಳಿನ ಪದರಗಳು. ಒಳಗೆ ಮಧ್ಯಾಹ್ನದ ಊಟದ ಹಳಸಿದ ಸಾರಿನ ವಾಸನೆ, ಅದರ ಮೇಲೆ ಯಾರೋ ಹೊಡೆದ ಸೆಂಟು. ಕಿಟಕಿಗಳಿಗೆ ಫ್ಲೆಕ್ಸ್ ಬಡಿದು ಮುಚ್ಚಿದ್ದರು. ಗೋಡೆಯುದ್ದಕ್ಕೂ ನೇರಳೆ ಬಣ್ಣದ ದೀಪದ ಸರ. ಅದರಲ್ಲಿ ಎಲ್ಲರ ಮುಖವೂ ಹೆಣದ ಮುಖದಂತೆ ಕಾಣುತ್ತಿತ್ತು. ಇದ್ದ ಒಂದೇ ಒಳ್ಳೆಯ ದೀಪವನ್ನು ಅತಿಥಿಗಳ ಸೋಫಾ ಕಡೆಗೆ ತಿರುಗಿಸಿದ್ದರು. ಹಾಡುವವರನ್ನು ವೇದಿಕೆಯ ಎಡ ಮೂಲೆಯಲ್ಲಿ, ಕೂಲರ್‌ನ ಹಿಂದೆ ನಿಲ್ಲಿಸಿದ್ದರು.

ಅಜ್ಜ ಪದ ಎತ್ತಿದ. ಹೆಗಲ ಮೇಲೆ ಕಂಬಳಿ, ಬೆರಳಲ್ಲಿ ತಾಮ್ರದ ಉಂಗುರ, ಕಣ್ಣು ಮುಚ್ಚಿದ ಮುಖ. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಮುಖ್ಯ ಅತಿಥಿಗಳು ಎದ್ದು ಬಂದು ಆತನ ಕೈಯಿಂದ ಕೋಲು ತೆಗೆದುಕೊಂಡು, ನನ್ನ ಕಡೆ ನೋಡುತ್ತ ಡೊಳ್ಳು ಬಡಿಯತೊಡಗಿದರು. ತಾಳವಿಲ್ಲ, ಲೆಕ್ಕವಿಲ್ಲ. ಹಿಂಬಾಲಕರು ಮೊಬೈಲು ಎತ್ತಿ ಅಡ್ಡ ನಿಂತರು. ಹಿಡಿದ ಪದವನ್ನು ನಡುವೆ ಬಿಡಬಾರದೆಂಬುದು ಗುಡಿಯವರ ಕಟ್ಟಳೆ. ಹಾಗಾಗಿ ಅಜ್ಜ ಡೊಳ್ಳಿನ ಅಂಚು ಹಿಡಿದು, ಆ ಬಡಿತದ ನಡುವೆಯೇ ಹಾಡುತ್ತ ಹೋದ.

ಕೆಲಸದಲ್ಲಿ ಕೈಗೆ ರೂಢಿ ಬಿದ್ದಿರುತ್ತದೆ. ದೊಡ್ಡವರ ಬಿಳಿ ಅಂಗಿ ಬೆಳಕು ಹೆಚ್ಚಾಗಿ ಸುಟ್ಟಂತೆ ಬಂದರೆ ಡೆಸ್ಕಿನವರು ಬೈಯುತ್ತಾರೆ. ಅದಕ್ಕೆ ನಾವು ಮೊದಲು ಬಿಳಿ ಅಂಗಿಗೆ ಬೆಳಕು ಅಳೆದು, ಅದಕ್ಕೆ ತಕ್ಕಷ್ಟೇ ಬೆಳಕನ್ನು ಕ್ಯಾಮೆರಾದೊಳಗೆ ಬಿಡುತ್ತೇವೆ. ಅವತ್ತೂ ಅದನ್ನೇ ಮಾಡಿದೆ. ಅಂಗಿಯ ಇಸ್ತ್ರಿಯ ಗೆರೆ ಸಹಿತ ಬಂತು. ಅಂಗಿ ಸರಿಯಾಗಿ ಬಂದಾಗ ಅದರ ಪಕ್ಕದ ಕಪ್ಪು ಮುಖ ಕತ್ತಲೆಗೆ ಹೋಗುತ್ತದೆಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ನಾನು ಕ್ಯಾಮೆರಾದ ಪರದೆಯನ್ನು ಕೂಡ ನೋಡಲಿಲ್ಲ. ಅತಿಥಿಗಳು ಇಳಿದು ಹೋದ ಕೂಡಲೇ ಸಂಘಟಕರು ಮೈಕು ತೆಗೆದುಕೊಂಡರು. ಅಜ್ಜನಿಗೆ ಎರಡನೆಯ ಪದ ಸಿಗಲಿಲ್ಲ.

ಮರುದಿನ ಪತ್ರಿಕೆಯಲ್ಲಿ ಬಂದದ್ದು ಡೊಳ್ಳು ಬಡಿಯುವ ಅತಿಥಿ. ಕಪ್ಪಾಗಿದ್ದ ಭಾಗವನ್ನು ಡೆಸ್ಕಿನವರು ಕತ್ತರಿಸಿದ್ದರು. ಅಜ್ಜ ಆ ತುಂಡು ಕಾಗದ ಹಿಡಿದು ನನ್ನ ಮನೆಗೆ ಬಂದ. ಸಿಟ್ಟಿರಲಿಲ್ಲ. ಡೊಳ್ಳಿನ ಅಂಚಿನ ಮೇಲೆ ಬೆರಳಿಟ್ಟು ತೋರಿಸಿದ.

"ಇದು ನನ್ನ ಕೈ ಐತ್ರಿ ಸರ. ಉಂಗುರ ನೋಡ್ರಿ."

ಕಚೇರಿಯಲ್ಲಿ ಇದನ್ನು ತೋರಿಸಿದಾಗ ಮುಖವಿಲ್ಲದ ಕೈಗೆ ಚೀಟಿ ಕೊಡುವುದಿಲ್ಲ ಎಂದು ಗುಮಾಸ್ತ ನಕ್ಕನಂತೆ. ನಾನು ಕ್ಯಾಮೆರಾದ ಕಾರ್ಡಿನಲ್ಲಿದ್ದ ಎಲ್ಲ ಫೋಟೋಗಳನ್ನೂ ಕಂಪ್ಯೂಟರಿಗೆ ಹಾಕಿ ಬೆಳಕು ಏರಿಸಿ ನೋಡಿದೆ. ಮುಖವಿದ್ದ ಜಾಗದಲ್ಲಿ ಜೋಳದ ನುಚ್ಚು ಚೆಲ್ಲಿದಂತೆ ಕಾಳು ಕಾಳು. ಅದರಲ್ಲಿ ಒಂದು ತೆರೆದ ಬಾಯಿ ಇತ್ತು, ಯಾರದೂ ಆಗಬಹುದಾದ ಬಾಯಿ.

ಈಗಲೇ ಗುಡಿಗೆ ಹೋಗೋಣ, ತೊಲೆಗೆ ತೂಗುಹಾಕಿದ ಡೊಳ್ಳು ಇಳಿಸಿ ಕಟ್ಟಿಕೊಂಡು ನಿಂತರೆ ಸಾಕು, ಪತ್ರಿಕೆಯಲ್ಲಿ ಹಾಕಿಸುವ ಜವಾಬ್ದಾರಿ ನನ್ನದು ಎಂದೆ. ಅಜ್ಜ ಒಲ್ಲೆನೆಂದು ತಲೆಯಾಡಿಸಿದ.

"ಹಾಡಾಕ ಇಳಸ್ತೀವ್ರಿ. ತೋರ್ಸಾಕ ಇಳಸಂಗಿಲ್ಲ."

ಮುಂದಿನ ಸೇವೆ ಅರ್ಜಿಯ ಕೊನೆಯ ದಿನ ದಾಟಿದ ಮೇಲಿತ್ತು.

ಆ ವಾರವೇ ಆ ಮುಖ್ಯ ಅತಿಥಿಗಳ ಹುಟ್ಟುಹಬ್ಬ. ನಮ್ಮೂರ ಬಸ್‌ಸ್ಟ್ಯಾಂಡಿನ ಎದುರಿಗೆ ಫ್ಲೆಕ್ಸ್ ಎದ್ದಿತು. ಅದರಲ್ಲಿ ನನ್ನದೇ ಫೋಟೋ, ನನ್ನನ್ನು ಕೇಳದೆ ಹಾಕಿದ್ದು. ಎಮ್ಮೆಯಷ್ಟು ಡೊಳ್ಳು, ಮೊರದಷ್ಟು ಮುಖ, ಕೆಳಗೆ ಕಲಾಪೋಷಕ ಎಂಬ ಬಿರುದು. ಅದರಡಿಯಲ್ಲಿ ಯಾರೋ ಮೂತ್ರ ಮಾಡಿ ಹೋಗಿದ್ದರು. ಅಜ್ಜ ನನ್ನನ್ನು ಅಲ್ಲಿಗೇ ಕರೆಸಿದ. ಆ ಒದ್ದೆ ದಾಟಿ ಹೋಗಿ, ಫ್ಲೆಕ್ಸಿನಲ್ಲಿದ್ದ ಕೈಯ ಪಕ್ಕಕ್ಕೆ ತನ್ನ ಕೈ ಚಾಚಿ ನಿಂತ. ಎರಡು ಉಂಗುರ, ಒಂದೇ ತಾಮ್ರ.

"ಈಗ ತಗೀರಿ. ಮುಖ ಐತಿ, ಕೈ ಐತಿ," ಎಂದ. ಆಮೇಲೆ ಮೇಲಕ್ಕೆ ಒಮ್ಮೆ ನೋಡಿ, "ಸಾಹೇಬ್ರ ಮುಖ ಬರಲಾರ್ದಂಗ ತಗೀರಿ. ಬಂದ್ರ ಚೀಟಿ ಅವ್ರಿಗೇ ಕೊಟ್ಟಾರು," ಎಂದ.

ಸಾಹೇಬರನ್ನು ಕುತ್ತಿಗೆಗೆ ಕತ್ತರಿಸಿ ತೆಗೆದೆ. ಹಗಲು ಹನ್ನೊಂದರ ಬಿಸಿಲು, ಬೆಳಕಿಗೆ ಕೊರತೆಯಿರಲಿಲ್ಲ. ಅದನ್ನೂ ಪತ್ರಿಕೆಯ ತುಂಡನ್ನೂ ಅರ್ಜಿಗೆ ಹಚ್ಚಿ, ಕೊನೆಯ ದಿನ ನಾನೇ ಕಚೇರಿಗೆ ಮುಟ್ಟಿಸಿ ಬಂದೆ.

ಅರ್ಜಿ ವಾಪಸ್ ಬಂತು. ಫೋಟೋದಲ್ಲಿ ಅರ್ಜಿದಾರ ಹಾಡುತ್ತಿಲ್ಲ ಎಂದು ತೆಲುಗಿನಲ್ಲಿ ಕೆಂಪು ಮಸಿಯಿಂದ ಷರಾ ಬರೆದಿದ್ದರು. ಗುಮಾಸ್ತನನ್ನು ಬೈಯಬೇಕೆಂದುಕೊಂಡೆ, ಆಗಲಿಲ್ಲ. ಬರೆದದ್ದು ನಿಜವೇ ಆಗಿತ್ತು. ಆತ ಹಾಡುತ್ತಿದ್ದಾಗ ನಾನು ಅಂಗಿ ನೋಡುತ್ತಿದ್ದೆ.